ತಂಗಿಯ ಲಿಂಫೋಸೈಟ್ 480ಕ್ಕೆ ಇಳಿದಿದೆ, ಡಾಕ್ಟರ್ "ಕೋಶಗಳು ಸತ್ತಿಲ್ಲ" ಅಂದರು. ಹಾಗಾದರೆ ಎಲ್ಲಿ ಹೋದವು?

ಬೆಳಕಿಂಡಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಂಗಿಗೆ ಎರಡು ವರ್ಷದ ಹಿಂದೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅನ್ನುವ ನರಗಳ ಕಾಯಿಲೆ ಇದೆ ಅಂತ ಗೊತ್ತಾಯಿತು. ಮೊದಲು ಒಂದು ಕಣ್ಣು ಮಂಜಾಯಿತು, ಆಮೇಲೆ ಬಲಗಾಲು ಮರಗಟ್ಟಿತು. ಈಗ ಮೂರು ತಿಂಗಳಿಂದ ಫಿಂಗೋಲಿಮೋಡ್ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದಾಳೆ. ಮೊದಲ ದಿನ ಆರು ಗಂಟೆ ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಗಂಟೆಗೊಂದು ಸಲ ನಾಡಿ ನೋಡಿದರು. ಆಗ ನಾನು ಏನೂ ಕೇಳಲಿಲ್ಲ, ಧೈರ್ಯ ಸಾಲಲಿಲ್ಲ.

ಮೊನ್ನೆ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ಲಿಂಫೋಸೈಟ್, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ, ಅದರ ಎಣಿಕೆ ಒಂದು ಮೈಕ್ರೋಲೀಟರಿಗೆ 480. ಪಕ್ಕದಲ್ಲಿ ಕೆಂಪು ಗುರುತು, ಸಾಮಾನ್ಯವಾಗಿ 1000ಕ್ಕಿಂತ ಮೇಲೆ ಇರಬೇಕು ಅಂತ ಬರೆದಿತ್ತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಡಾಕ್ಟರ್ ಹತ್ತಿರ ಹೋದರೆ ಅವರು ಶಾಂತವಾಗಿ, "ಈ ಔಷಧಿಯಲ್ಲಿ ಹೀಗೇ ಆಗಬೇಕು, ಕೋಶಗಳು ಸತ್ತಿಲ್ಲ, ಒಳಗೆ ಕೂತಿವೆ, ಇದು ಒಂದು ಲಿಪಿಡ್‌ನ ಹಾಗೆ ಕೆಲಸ ಮಾಡೋ ಔಷಧಿ" ಅಂದರು. ಹೊರಗೆ ಜನ ಕಾಯುತ್ತಿದ್ದರು, ಅಷ್ಟಕ್ಕೇ ಮಾತು ಮುಗಿಯಿತು.

ಲಿಪಿಡ್ ಅಂದರೆ ನನಗೆ ಗೊತ್ತಿರೋದು ಕೊಲೆಸ್ಟ್ರಾಲ್ ರಿಪೋರ್ಟ್ ಅಷ್ಟೆ. ಕೊಬ್ಬು ಅಂದರೆ ಮೈಯಲ್ಲಿ ಶೇಖರವಾಗೋ ವಸ್ತು ಅಂದುಕೊಂಡಿದ್ದೆ. ಅದು ಇಮ್ಯೂನ್ ಕೋಶಗಳನ್ನು ಒಳಗೆ ಕೂರಿಸುತ್ತದೆ ಅಂದರೆ ಹೇಗೆ? ಗೊತ್ತಿರುವವರು ಯಾರಾದರೂ ನಿಧಾನವಾಗಿ ಬಿಡಿಸಿ ಹೇಳುತ್ತೀರಾ?

ಮೂಲೆಮೇಜು:

ಬೆಳಕಿಂಡಿ ಅವರೇ, ಮೊದಲು ಸಮಾಧಾನ ಮಾಡಿಕೊಳ್ಳಿ. ನಾನು ಡಾಕ್ಟರ್ ಅಲ್ಲ, ಇಮ್ಯುನಾಲಜಿ ಲ್ಯಾಬಿನಲ್ಲಿ ಹದಿಮೂರು ವರ್ಷ ಕೆಲಸ ಮಾಡಿದವನು. ಔಷಧಿಯ ತೀರ್ಮಾನ ನಿಮ್ಮ ಡಾಕ್ಟರಿಗೇ ಬಿಟ್ಟದ್ದು. ಆದರೆ ಆ ಕೋಶಗಳು ಎಲ್ಲಿ ಹೋದವು ಅನ್ನುವುದನ್ನು ನಾನು ಹೇಳಬಲ್ಲೆ.

ನಮ್ಮ ಟಿ ಕೋಶಗಳು, ಅಂದರೆ ಲಿಂಫೋಸೈಟ್‌ಗಳಲ್ಲೇ ಒಂದು ಬಗೆ, ರಕ್ತದಲ್ಲಿ ಸುಮ್ನೆ ತೇಲಿಕೊಂಡು ಇರುವುದಿಲ್ಲ. ರಕ್ತದಿಂದ ಲಿಂಫ್ ಗ್ರಂಥಿಯೊಳಗೆ ಹೋಗುತ್ತವೆ. ಅಲ್ಲಿ ಅರ್ಧ ದಿನವೋ ಒಂದು ದಿನವೋ ಸುತ್ತಾಡಿ, ತಾವು ಹುಡುಕುತ್ತಿರುವ ಶತ್ರುವಿನ ಗುರುತು ಸಿಗುತ್ತದೆಯೇ ಅಂತ ನೋಡುತ್ತವೆ. ಸಿಗದಿದ್ದರೆ ಹೊರಗೆ ಬಂದು ಮತ್ತೆ ರಕ್ತ ಸೇರಿ ಇನ್ನೊಂದು ಗ್ರಂಥಿಗೆ ಹೋಗುತ್ತವೆ. ಈ ಓಡಾಟ ಜೀವನಪೂರ್ತಿ ನಡೆಯುತ್ತದೆ. ಪ್ರಶ್ನೆ ಏನೆಂದರೆ, ಗ್ರಂಥಿಯೊಳಗೆ ಕತ್ತಲಲ್ಲಿ ಇರುವ ಕೋಶಕ್ಕೆ ಹೊರಗೆ ಹೋಗುವ ದಾರಿ ಯಾವ ಕಡೆ ಅಂತ ಹೇಗೆ ತಿಳಿಯುತ್ತದೆ?

ಅಲ್ಲೇ ಲಿಪಿಡ್ ಬರುತ್ತದೆ. ಅದರ ಹೆಸರು ಸ್ಫಿಂಗೋಸಿನ್-1-ಫಾಸ್ಫೇಟ್, ಚಿಕ್ಕದಾಗಿ ಎಸ್1ಪಿ. ರಕ್ತದಲ್ಲೂ ಲಿಂಫ್ ದ್ರವದಲ್ಲೂ ಇದು ಜಾಸ್ತಿ ಇರುತ್ತದೆ. ಕೆಂಪು ರಕ್ತಕಣಗಳು ಮತ್ತು ನಾಳಗಳ ಒಳಗೋಡೆಯ ಕೋಶಗಳು ಇದನ್ನು ಬಿಡುತ್ತವೆ. ಗ್ರಂಥಿಯ ಒಳಗೆ ಮಾತ್ರ ತುಂಬಾ ಕಡಿಮೆ, ಯಾಕೆಂದರೆ ಅಲ್ಲಿ ಎಸ್1ಪಿ ಲೈಯೇಸ್ ಅನ್ನುವ ಕಿಣ್ವ ಅದನ್ನು ಒಡೆದು ಹಾಕುತ್ತಲೇ ಇರುತ್ತದೆ. ಅಂದರೆ ಒಳಗೆ ವಾಸನೆ ಇಲ್ಲ, ಬಾಗಿಲ ಹತ್ತಿರ ಹೋದ ಹಾಗೆ ವಾಸನೆ ಹೆಚ್ಚುತ್ತದೆ. ಟಿ ಕೋಶದ ಮೈಮೇಲೆ ಎಸ್1ಪಿ ರಿಸೆಪ್ಟರ್ 1 ಅನ್ನುವ ಮೂಗಿದೆ. ಆ ಮೂಗಿನಿಂದ ವಾಸನೆ ಹಿಡಿದು ಅದು ಹೊರಗೆ ಬರುತ್ತದೆ.

ಇನ್ನೊಂದು ಸೊಗಸಾದ ವಿಷಯ ಇದೆ. ರಕ್ತದಲ್ಲಿ ಎಸ್1ಪಿ ತುಂಬಿರುವುದರಿಂದ ಕೋಶ ತನ್ನ ಆ ಮೂಗನ್ನು ಒಳಗೆ ಎಳೆದುಕೊಳ್ಳುತ್ತದೆ. ಗ್ರಂಥಿಗೆ ಬಂದ ಮೇಲೆ ನಿಧಾನವಾಗಿ ಮತ್ತೆ ಹೊರಗೆ ಚಾಚುತ್ತದೆ. ಅದು ಚಾಚಿಕೊಳ್ಳಲು ಹಿಡಿಯುವ ಸಮಯವೇ ಕೋಶ ಗ್ರಂಥಿಯಲ್ಲಿ ಉಳಿಯುವ ಸಮಯವನ್ನು ಬಹಳಮಟ್ಟಿಗೆ ನಿರ್ಧರಿಸುತ್ತದೆ. ಸೋಂಕು ಬಂದು ಕೋಶ ಎಚ್ಚರಗೊಂಡಾಗ ಸಿಡಿ69 ಅನ್ನುವ ಪ್ರೋಟೀನು ಅದೇ ಮೂಗನ್ನು ಹಿಡಿದು ಒಳಗೆ ಎಳೆಯುತ್ತದೆ. ಆಗ ಕೋಶ ಕೆಲವು ದಿನ ಗ್ರಂಥಿಯಲ್ಲೇ ಉಳಿದು, ಸಂಖ್ಯೆ ಹೆಚ್ಚಿಸಿಕೊಂಡು, ಆಮೇಲೆ ಹೊರಡುತ್ತದೆ. ಯಾವಾಗ ಉಳಿಯಬೇಕು, ಯಾವಾಗ ಹೊರಡಬೇಕು ಅನ್ನುವ ಇಷ್ಟು ಸೂಕ್ಷ್ಮ ಲೆಕ್ಕ ಒಂದು ಪುಟ್ಟ ಕೊಬ್ಬಿನ ಅಣುವಿನ ಮೇಲೆ ನಿಂತಿದೆ. ನಾನು ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಈಗ ನಿಮ್ಮ ತಂಗಿಯ ಕ್ಯಾಪ್ಸೂಲ್. ಕೀಟಗಳ ಮೇಲೆ ಬೆಳೆಯುವ ಐಸೇರಿಯಾ ಸಿಂಕ್ಲೇರಿ ಅನ್ನುವ ಶಿಲೀಂಧ್ರದಲ್ಲಿ ಮಿರಿಯೋಸಿನ್ ಅನ್ನುವ ವಸ್ತು ಸಿಗುತ್ತದೆ. ಜಪಾನಿನಲ್ಲಿ ತೆತ್ಸುರೋ ಫುಜಿತಾ ಅವರ ತಂಡ ಅದರ ವಿಷದ ಗುಣ ಕಡಿಮೆ ಮಾಡುತ್ತಾ, ರಚನೆ ಸರಳ ಮಾಡುತ್ತಾ ಹೋಗಿ ಫಿಂಗೋಲಿಮೋಡ್ ಮಾಡಿತು. ಮೊದಲು ಇದನ್ನು ಕಿಡ್ನಿ ಕಸಿ ಮಾಡಿಸಿಕೊಂಡವರಲ್ಲಿ ಪರೀಕ್ಷಿಸಿದರು, ಆಗಲೇ ಇದ್ದ ಔಷಧಿಗಳಿಗಿಂತ ಮೇಲು ಅನ್ನಿಸಲಿಲ್ಲ. ಎಂಎಸ್‌ನಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡಿತು. 2010ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಎಂಎಸ್‌ ಮರುಕಳಿಸುವುದನ್ನು ತಡೆಯಲು ಅಲ್ಲಿ ಒಪ್ಪಿಗೆ ಪಡೆದ, ಬಾಯಿಂದ ನುಂಗುವ ಮೊದಲ ಔಷಧಿ ಅದು.

ದೇಹದೊಳಗೆ ಹೋದ ಮೇಲೆ ನಮ್ಮದೇ ಕಿಣ್ವ ಅದಕ್ಕೆ ಒಂದು ಫಾಸ್ಫೇಟ್ ಸೇರಿಸುತ್ತದೆ. ಆಗ ಅದು ನೋಡಲು ಎಸ್1ಪಿ ತರಹವೇ ಆಗುತ್ತದೆ. ಟಿ ಕೋಶದ ಮೂಗಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಕೋಶ ಆ ಮೂಗನ್ನು ಒಳಗೆ ಎಳೆದುಕೊಂಡು ಅರಗಿಸಿ ಬಿಡುತ್ತದೆ. ಮೂಗಿಲ್ಲದ ಕೋಶಕ್ಕೆ ಬಾಗಿಲು ಗೊತ್ತಾಗುವುದಿಲ್ಲ, ಗ್ರಂಥಿಯಲ್ಲೇ ಉಳಿಯುತ್ತದೆ. ಮೆದುಳಿಗೆ ಹೋಗಿ ನರದ ಹೊದಿಕೆಯನ್ನು ಕೆಡಿಸಬೇಕಿದ್ದ ಕೋಶಗಳು ರಕ್ತಕ್ಕೇ ಬರುವುದಿಲ್ಲ. ರಕ್ತದ ಲಿಂಫೋಸೈಟ್ ಎಣಿಕೆ ಮೊದಲಿದ್ದದ್ದರ ಶೇಕಡ 20ರಿಂದ 30ಕ್ಕೆ ಇಳಿಯುವುದು ಈ ಔಷಧಿಯಲ್ಲಿ ಸಾಮಾನ್ಯ. 480 ಅನ್ನುವುದು ಆ ಲೆಕ್ಕದೊಳಗೇ ಬರುತ್ತದೆ.

ಬೆಳಕಿಂಡಿ:

ಎರಡು ಸಲ ಓದಿದೆ, ತಂಗಿಗೂ ಓದಿ ಹೇಳಿದೆ. ತುಂಬಾ ಧನ್ಯವಾದ ಸರ್. ಆದರೆ ಈಗ ಇನ್ನೊಂದು ಭಯ ಶುರುವಾಯಿತು. ಎಲ್ಲಾ ಕೋಶಗಳೂ ಒಳಗೇ ಕೂತರೆ ಸೋಂಕು ಬಂದಾಗ ಯಾರು ಕಾಯುತ್ತಾರೆ? ಜ್ವರ ಬಂದರೆ ನಾಲ್ಕು ದಿನ ಕ್ಯಾಪ್ಸೂಲ್ ನಿಲ್ಲಿಸಬಹುದಾ?

ತಿಳಿನೀರು:

ನರರೋಗ ವಿಭಾಗದಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ, ಇದಕ್ಕೆ ನಾನು ಹೇಳಲೇಬೇಕು. ದಯವಿಟ್ಟು ನೀವಾಗೇ ನಿಲ್ಲಿಸಬೇಡಿ. ಒಂದು ದಿನವೂ ಬೇಡ, ಕೇಳದೆ ಬೇಡ.

ಕಾರಣ ಎರಡು. ಒಂದು, ಈ ಔಷಧಿ ನಿಲ್ಲಿಸಿದಾಗ ಗ್ರಂಥಿಯಲ್ಲಿ ಕೂತಿದ್ದ ಕೋಶಗಳು ಕೆಲವು ವಾರಗಳಲ್ಲಿ ವಾಪಸ್ ರಕ್ತಕ್ಕೆ ಬರುತ್ತವೆ, ಕೆಲವರಲ್ಲಿ ಕಾಯಿಲೆ ಮೊದಲಿಗಿಂತ ಜೋರಾಗಿ ಮರುಕಳಿಸಿದ್ದು ದಾಖಲಾಗಿದೆ. ನಾನೇ ನೋಡಿದ ಒಬ್ಬರು, "ಈಗ ಚೆನ್ನಾಗಿದ್ದೀನಲ್ಲ" ಅಂತ ಮನೆಯಲ್ಲೇ ಬಿಟ್ಟಿದ್ದರು. ಮೂರನೇ ತಿಂಗಳು ವೀಲ್‌ಚೇರಿನಲ್ಲಿ ಬಂದರು. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಎರಡು, ಕೆಲವು ದಿನ ಬಿಟ್ಟು ಮತ್ತೆ ಶುರು ಮಾಡಿದರೆ ಹೃದಯದ ಬಡಿತ ಮೊದಲ ದಿನದ ಹಾಗೆ ನಿಧಾನವಾಗಬಹುದು. ಹೃದಯದ ಕೋಶಗಳ ಮೇಲೂ ಅದೇ ಎಸ್1ಪಿ ರಿಸೆಪ್ಟರ್ ಇದೆ, ಅದಕ್ಕೇ ಮೊದಲ ದಿನ ಆರು ಗಂಟೆ ಕೂರಿಸಿದ್ದು. ಆಮೇಲೆ ಹೃದಯ ಹೊಂದಿಕೊಳ್ಳುತ್ತದೆ.

ಸೋಂಕಿನ ಬಗ್ಗೆ ನಿಮ್ಮ ಭಯ ಸರಿಯಾದದ್ದೇ. ಆದರೆ ಎಲ್ಲಾ ಕೋಶಗಳೂ ಒಳಗೆ ಉಳಿಯುವುದಿಲ್ಲ. ಅಂಗಾಂಶಗಳಲ್ಲಿ ಕಾವಲಿಗಿರುವ ಹಳೇ ಅನುಭವಿ ಟಿ ಕೋಶಗಳು ಲಿಂಫ್ ಗ್ರಂಥಿಗೆ ಅಷ್ಟಾಗಿ ಹೋಗುವವೇ ಅಲ್ಲ, ಅವು ಹೊರಗೇ ಇರುತ್ತವೆ. ನ್ಯೂಟ್ರೋಫಿಲ್ ಅನ್ನುವ ಬೇರೆ ಬಗೆಯ ಬಿಳಿ ರಕ್ತಕಣಗಳೂ ಇರುತ್ತವೆ. ಆದರೂ ಸರ್ಪಸುತ್ತಿನಂಥ ಹರ್ಪಿಸ್ ಸೋಂಕುಗಳ ಅಪಾಯ ಸ್ವಲ್ಪ ಹೆಚ್ಚುತ್ತದೆ, ಅಪರೂಪಕ್ಕೆ ಪಿಎಂಎಲ್ ಅನ್ನುವ ಮೆದುಳಿನ ಸೋಂಕೂ ಬಂದದ್ದಿದೆ. ಎಣಿಕೆ 200ಕ್ಕಿಂತ ಕೆಳಗೆ ಹೋದರೆ ಡಾಕ್ಟರ್ ತಾವೇ ತಡೆಹಿಡಿಯುತ್ತಾರೆ. ಜ್ವರ ಬಂದರೆ, ನೋವಿನ ಗುಳ್ಳೆ ಎದ್ದರೆ, ಮಾತು ನಡಿಗೆ ಹೊಸದಾಗಿ ತಡವರಿಸಿದರೆ ಕೂಡಲೇ ಫೋನ್ ಮಾಡಿ. ಜೀವಂತ ವೈರಸ್ ಇರುವ ಲಸಿಕೆ ಬೇಡ. ಕಣ್ಣಿನ ಪರೀಕ್ಷೆ ಮಾಡಿಸಿದ್ದೀರಾ? ಮೂರು ನಾಲ್ಕು ತಿಂಗಳಿಗೆ ಮಾಡಿಸಬೇಕು, ಕೆಲವರಿಗೆ ಕಣ್ಣಿನ ಹಿಂಪದರದ ಮಧ್ಯಭಾಗ ಊದಿಕೊಳ್ಳುತ್ತದೆ.

ನೀಲಿಶಾಯಿ:

ಚರ್ಚೆ ಓದುತ್ತಾ ನನ್ನದೂ ಬರೆಯಬೇಕು ಅನ್ನಿಸಿತು. ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಕೀಲುವಾತ, ಹನ್ನೊಂದು ವರ್ಷ ಆಯಿತು. ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತೇನೆ, ಬೆರಳು ಜಾಸ್ತಿ ಊದಿದ ದಿನ ನೋವಿನ ಮಾತ್ರೆ.

ಮೂರು ವರ್ಷದ ಹಿಂದೆ ಒಬ್ಬ ಆಹಾರ ಸಲಹೆಗಾರರು "ಉರಿಯೂತಕ್ಕೆ ಕೊಬ್ಬೇ ಕಾರಣ, ಎಣ್ಣೆ ಬೆಣ್ಣೆ ಪೂರ್ತಿ ಬಿಡಿ" ಅಂದರು. ಐದು ತಿಂಗಳು ಬಿಟ್ಟೆ. ತೂಕ ಏಳು ಕಿಲೋ ಇಳಿಯಿತು, ಚರ್ಮ ಒಡೆಯಿತು, ಬೆರಳಿನ ಊತ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆಮೇಲೆ ಇನ್ನೊಬ್ಬರು ಬಂದು ಮೀನೆಣ್ಣೆ ಕುಡಿಯಿರಿ, ಅದೂ ಕೊಬ್ಬೇ, ಅದು ಒಳ್ಳೆಯದು ಅಂದರು. ಯಾವುದನ್ನು ನಂಬಲಿ? ಕೊಬ್ಬು ಉರಿ ಹಚ್ಚುತ್ತದಾ, ಆರಿಸುತ್ತದಾ? ನೇರವಾಗಿ ಹೇಳಿ ಸರ್, ನನಗೆ ಸುತ್ತಿಬಳಸಿದ ಮಾತು ಸಾಕಾಗಿ ಹೋಗಿದೆ.

ಮೂಲೆಮೇಜು:

ನೇರವಾಗಿ ಹೇಳುತ್ತೇನೆ. ಎರಡೂ ಮಾಡುತ್ತದೆ. ಎಷ್ಟೋ ಸಲ ಒಂದೇ ಅಣು ಎರಡೂ ಮಾಡುತ್ತದೆ, ಎಲ್ಲಿ ಇದೆ, ಯಾವ ಗಳಿಗೆಯಲ್ಲಿ ಇದೆ, ಯಾವ ಕೋಶದ ಎದುರಿಗಿದೆ ಅನ್ನುವುದರ ಮೇಲೆ. ನಿಮಗೆ ಎಣ್ಣೆ ಪೂರ್ತಿ ಬಿಡಿ ಅಂದವರು ತಪ್ಪು ಮಾಡಿದರು, ಐದು ತಿಂಗಳು ಸುಮ್ನೆ ಕಷ್ಟಪಟ್ಟಿರಿ. ಕೇಳಿ ಬೇಜಾರಾಯಿತು.

ಪ್ರತಿ ಕೋಶದ ಹೊರಪೊರೆ ಕೊಬ್ಬಿನಿಂದ ಆದದ್ದು. ಅದರಲ್ಲಿ ಅರಾಕಿಡೋನಿಕ್ ಆಮ್ಲ ಅಂತ ಒಂದು ಕೊಬ್ಬಿನಾಮ್ಲ ಹುದುಗಿರುತ್ತದೆ. ಪೆಟ್ಟು ಬಿದ್ದಾಗ, ಸೋಂಕಾದಾಗ ಫಾಸ್ಫೋಲೈಪೇಸ್ ಎ2 ಅನ್ನುವ ಕಿಣ್ವ ಅದನ್ನು ಪೊರೆಯಿಂದ ಕತ್ತರಿಸಿ ತೆಗೆಯುತ್ತದೆ. ಅಲ್ಲಿಂದ ದಾರಿ ಕವಲೊಡೆಯುತ್ತದೆ. ಕಾಕ್ಸ್ ಕಿಣ್ವಗಳ ಕಡೆ ಹೋದರೆ ಪ್ರೊಸ್ಟಗ್ಲಾಂಡಿನ್, ಲಿಪಾಕ್ಸಿಜಿನೇಸ್ ಕಡೆ ಹೋದರೆ ಲ್ಯೂಕೋಟ್ರೈನ್. ನಿಮ್ಮ ನೋವಿನ ಮಾತ್ರೆ ತಡೆಯುವುದು ಕಾಕ್ಸ್ ದಾರಿಯನ್ನು. ಆಸ್ಪಿರಿನ್ ಹೀಗೇ ಕೆಲಸ ಮಾಡುತ್ತದೆ ಅಂತ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ಬೆರ್ಗ್‌ಸ್ಟ್ರೋಮ್ ಮತ್ತು ಸ್ಯಾಮುಯೆಲ್ಸನ್ ಜೊತೆ ಅವರಿಗೆ ನೊಬೆಲ್ ಬಂತು.

ಲ್ಯೂಕೋಟ್ರೈನ್ ಬಿ4 ನ್ಯೂಟ್ರೋಫಿಲ್‌ಗಳನ್ನು ಕೂಗಿ ಕರೆಯುತ್ತದೆ. ಬಂದ ನ್ಯೂಟ್ರೋಫಿಲ್ ತಾನೂ ಅದನ್ನೇ ಬಿಟ್ಟು ಇನ್ನಷ್ಟನ್ನು ಕರೆಯುತ್ತದೆ. ಹೀಗೆ ಒಂದು ಕೀಲಿನೊಳಗೆ ನೂಕುನುಗ್ಗಲು ಆಗಿಬಿಡುತ್ತದೆ. ಇಲಿಗಳಲ್ಲಿ ಈ ಅಣುವಿನ ರಿಸೆಪ್ಟರ್ ತೆಗೆದರೆ ಒಂದು ಬಗೆಯ ಸಂಧಿವಾತ ಬರುವುದೇ ಇಲ್ಲ. ಮನುಷ್ಯರಲ್ಲಿ ಅದೇ ರಿಸೆಪ್ಟರ್ ತಡೆಯುವ ಔಷಧಿ ಕೊಟ್ಟು ನೋಡಿದಾಗ ಮಾತ್ರ ಅಂಥ ಲಾಭ ಕಾಣಲಿಲ್ಲ. ನಮ್ಮ ಕೀಲಿನಲ್ಲಿ ಕರೆಯುವ ದನಿಗಳು ಒಂದೆರಡಲ್ಲ.

ಪ್ರೊಸ್ಟಗ್ಲಾಂಡಿನ್ ಇ2 ಇನ್ನೂ ಕುತೂಹಲದ್ದು. ನೋವು, ಬಿಸಿ, ಊತ ತರುವುದು ಅದೇ. ಟಿ ಕೋಶ ತನ್ನ ಬೆಳವಣಿಗೆಗೆ ಬೇಕಾದ ಐಎಲ್-2 ಅನ್ನುವ ಸಂದೇಶದ ಪ್ರೋಟೀನು ಮಾಡುವುದನ್ನು ತಡೆದು ಅದನ್ನು ಸುಮ್ಮನಾಗಿಸುವುದೂ ಅದೇ. ಆದರೆ ಐಎಲ್-23 ಅನ್ನುವ ಇನ್ನೊಂದು ಸಂದೇಶದ ಪ್ರೋಟೀನು ಇರುವ ಜಾಗದಲ್ಲಿ ಅದೇ ಅಣು ಟಿಎಚ್17 ಅನ್ನುವ ಉಗ್ರ ಟಿ ಕೋಶಗಳನ್ನು ಬೆಳೆಸುತ್ತದೆ. ಇನ್ನೂ ಒಂದಿದೆ. ಸ್ವಲ್ಪ ಹೊತ್ತಾದ ಮೇಲೆ ಅದು ನ್ಯೂಟ್ರೋಫಿಲ್ ಒಳಗೆ ಬೇರೆ ಕಿಣ್ವವನ್ನು ಎಬ್ಬಿಸಿ ಲಿಪಾಕ್ಸಿನ್ ತಯಾರಾಗುವ ಹಾಗೆ ಮಾಡುತ್ತದೆ. ಲಿಪಾಕ್ಸಿನ್ ಕೆಲಸ ಗುಂಪು ಚದುರಿಸುವುದು. ಅಂದರೆ ಉರಿ ಹಚ್ಚಿದ್ದೇ ಆರಿಸುವ ಏರ್ಪಾಡನ್ನೂ ಶುರು ಮಾಡುತ್ತದೆ. ಆಟೋಇಮ್ಯೂನ್ ಕಾಯಿಲೆಯಲ್ಲಿ, ಅಂದರೆ ಕಾವಲು ಕೋಶಗಳು ನಮ್ಮ ಮೈಗೇ ತಿರುಗಿಬೀಳುವ ಕಾಯಿಲೆಯಲ್ಲಿ, ಈ ಎರಡನೇ ಹೆಜ್ಜೆ ಸರಿಯಾಗಿ ಬೀಳುವುದಿಲ್ಲ ಅನ್ನುವುದು ಒಂದು ಬಲವಾದ ಯೋಚನೆ.

ಹಾಗಂತ ನೋವಿನ ಮಾತ್ರೆ ಕೆಟ್ಟದ್ದು ಅಂತ ತಿಳಿಯಬೇಡಿ. ನೋವಿನಲ್ಲಿ ನರಳುತ್ತಾ ಕೂರುವುದರಿಂದ ಯಾವ ಲಾಭವೂ ಇಲ್ಲ. ಅದು ನೋವು ತಗ್ಗಿಸುತ್ತದೆ, ಕೀಲು ಸವೆಯುವುದನ್ನು ನಿಲ್ಲಿಸುವುದಿಲ್ಲ. ಆ ಕೆಲಸ ಮೆಥೋಟ್ರೆಕ್ಸೇಟ್‌ನದು.

ಇನ್ನೊಂದು ಮಾತು, ಇದು ನನಗೆ ಯಾವಾಗಲೂ ಬೆರಗು. ನಿಮ್ಮ ಕಾಯಿಲೆಗೆ ಸಿಕ್ಕ ಮೊದಲ ಜೋರಾದ ಔಷಧಿಯೇ ಒಂದು ಲಿಪಿಡ್. 1948ರಲ್ಲಿ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಹಾಸಿಗೆ ಹಿಡಿದಿದ್ದ ಒಬ್ಬ ಮಹಿಳೆಗೆ ಕಾರ್ಟಿಸೋನ್ ಕೊಟ್ಟರು, ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಎರಡೇ ವರ್ಷಕ್ಕೆ ನೊಬೆಲ್ ಬಂತು. ನಮ್ಮ ಮೈಯ ಕಾರ್ಟಿಸೋಲ್ ಕೊಲೆಸ್ಟ್ರಾಲ್‌ನಿಂದಲೇ ಆಗುವುದು. ಎಲ್ಲರೂ ಹೆದರುವ ಆ ಕೊಲೆಸ್ಟ್ರಾಲ್ ಇಲ್ಲದಿದ್ದರೆ ಇಮ್ಯೂನ್ ಕೋಶಗಳಿಗೆ "ಸಾಕು, ನಿಲ್ಲಿಸಿ" ಅಂತ ಹೇಳುವ ಹಾರ್ಮೋನೇ ಇರುತ್ತಿರಲಿಲ್ಲ.

ಹಸಿರುದಾರ:

ಹಾಗಾದರೆ ದಾರಿ ಸ್ಪಷ್ಟ ಇದೆಯಲ್ಲ. ಮೀನೆಣ್ಣೆಯಲ್ಲಿರುವ ಒಮೆಗಾ-3 ಇಂದ ರೆಸಾಲ್ವಿನ್ ಆಗುತ್ತದೆ, ರೆಸಾಲ್ವಿನ್ ಉರಿಯೂತ ಆರಿಸುತ್ತದೆ. ಜಾಸ್ತಿ ಒಮೆಗಾ-3 ತೆಗೆದುಕೊಂಡರೆ ಆಟೋಇಮ್ಯೂನ್ ಕಾಯಿಲೆಯನ್ನು ಬೇರಿನಿಂದಲೇ ಹಿಡಿಯಬಹುದು. ನಾನು ಒಂದು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ, ನನ್ನ ಸೋರಿಯಾಸಿಸ್ ತುಂಬಾ ಕಡಿಮೆಯಾಗಿದೆ. ಔಷಧಿ ಕಂಪನಿಗಳಿಗೆ ಇದರಲ್ಲಿ ಲಾಭ ಇಲ್ಲ, ಅದಕ್ಕೇ ಯಾರೂ ಹೇಳುವುದಿಲ್ಲ ಅಂತ ನನ್ನ ಅಭಿಪ್ರಾಯ.

ಮೂಲೆಮೇಜು:

ನಿಮ್ಮ ಚರ್ಮ ಸುಧಾರಿಸಿದ್ದು ಕೇಳಿ ನಿಜವಾಗಿ ಸಂತೋಷ. ಆದರೆ ಉಳಿದ ಮಾತಿಗೆ ನಾನು ಒಪ್ಪುವುದಿಲ್ಲ. ಯಾರೂ ಹೇಳಿಲ್ಲ, ಯಾರೂ ಪರೀಕ್ಷಿಸಿಲ್ಲ ಅನ್ನುವುದು ಸರಿಯಲ್ಲ.

ಅಮೆರಿಕದಲ್ಲಿ ವೈಟಲ್ ಅನ್ನುವ ದೊಡ್ಡ ಪರೀಕ್ಷೆ ನಡೆಯಿತು. 25,871 ಜನ, ಗಂಡಸರು 50 ದಾಟಿದವರು, ಹೆಂಗಸರು 55 ದಾಟಿದವರು. ಕೆಲವರಿಗೆ ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ, ಕೆಲವರಿಗೆ 1 ಗ್ರಾಂ ಒಮೆಗಾ-3, ಕೆಲವರಿಗೆ ಎರಡೂ, ಕೆಲವರಿಗೆ ಬರೀ ಸಪ್ಪೆ ಮಾತ್ರೆ. ಸುಮಾರು ಐದು ವರ್ಷ ಗಮನಿಸಿದರು, ಫಲಿತಾಂಶ 2022ರಲ್ಲಿ ಬಂತು. ವಿಟಮಿನ್ ಡಿ ಪಡೆದವರಲ್ಲಿ 123 ಜನಕ್ಕೆ ಹೊಸದಾಗಿ ಆಟೋಇಮ್ಯೂನ್ ಕಾಯಿಲೆ ಬಂತು, ಪಡೆಯದವರಲ್ಲಿ 155 ಜನಕ್ಕೆ. ಅದು ಶೇಕಡ 22 ಕಡಿಮೆ. ಒಮೆಗಾ-3ರಲ್ಲಿ ಶೇಕಡ 15 ಕಡಿಮೆ ಕಂಡಿತು, ಆದರೆ ಅದು ಆಕಸ್ಮಿಕ ಅಲ್ಲ ಅಂತ ಗಟ್ಟಿಯಾಗಿ ಹೇಳುವಷ್ಟು ದೊಡ್ಡ ವ್ಯತ್ಯಾಸ ಆಗಿರಲಿಲ್ಲ. ಗಮನಿಸಿ, ಇದು ಕಾಯಿಲೆ ಬರದ ಹಾಗೆ ತಡೆಯುವ ಮಾತು. ಬಂದ ಕಾಯಿಲೆ ವಾಸಿ ಮಾಡುವ ಮಾತಲ್ಲ. ರುಮಟಾಯ್ಡ್ ಆರ್ಥ್ರೈಟಿಸ್ ಇರುವವರಲ್ಲಿ ದಿನಕ್ಕೆ 3 ಗ್ರಾಂನಷ್ಟು ಒಮೆಗಾ-3 ಕೊಟ್ಟಾಗ ನೋವು ಸ್ವಲ್ಪ ಕಡಿಮೆಯಾಗಿ, ನೋವಿನ ಮಾತ್ರೆಯ ಅಗತ್ಯ ತಗ್ಗಿದ್ದು ಕೆಲವು ಅಧ್ಯಯನಗಳಲ್ಲಿ ಇದೆ. ನೀಲಿಶಾಯಿ ಅವರೇ, ಡಾಕ್ಟರನ್ನು ಕೇಳಿ ಜೊತೆಗೆ ತೆಗೆದುಕೊಳ್ಳಬಹುದು. ಮೆಥೋಟ್ರೆಕ್ಸೇಟ್ ಬಿಟ್ಟು ಅದನ್ನು ಹಿಡಿಯುವ ಹಾಗಿಲ್ಲ.

ರೆಸಾಲ್ವಿನ್ ಬಗ್ಗೆ. ಚಾರ್ಲ್ಸ್ ಸೆರ್ಹಾನ್ ಅವರ ತಂಡ ಕಂಡುಹಿಡಿದದ್ದು, ಪ್ರಾಣಿಗಳಲ್ಲಿ ಅದು ಉರಿಯೂತವನ್ನು ಬೇಗ ಮುಗಿಸುತ್ತದೆ. ಆದರೆ ಮನುಷ್ಯನ ಮೈಯಲ್ಲಿ ಅದು ನಿಜವಾಗಿ ಕೆಲಸ ಮಾಡುವಷ್ಟು ಪ್ರಮಾಣದಲ್ಲಿ ಇರುತ್ತದೆಯೇ ಅನ್ನುವುದರ ಬಗ್ಗೆ ಲಿಪಿಡ್ ಅಳೆಯುವವರ ನಡುವೆಯೇ ಗಂಭೀರ ಜಗಳ ಇದೆ. ಇಷ್ಟು ತಿಳಿಯದೆ ಇರುವಾಗ "ಬೇರಿನಿಂದಲೇ" ಅನ್ನುವ ಪದ ಬಳಸಬಾರದು. ಅದನ್ನು ಓದಿ ಯಾರೋ ಒಬ್ಬರು ನಾಳೆ ಮಾತ್ರೆ ಬಿಡುತ್ತಾರೆ. ತಿಳಿನೀರು ಅವರು ಮೇಲೆ ಹೇಳಿದ ವೀಲ್‌ಚೇರು ನೆನಪಿಡಿ.

ಹಸಿರುದಾರ:

ಸರಿ, ಆ ಪದ ವಾಪಸ್ ತೆಗೆದುಕೊಳ್ಳುತ್ತೇನೆ. ನಾನು ಮುಲಾಮು ಹಚ್ಚುವುದನ್ನು ಬಿಟ್ಟಿಲ್ಲ, ಅದನ್ನು ಮೊದಲೇ ಹೇಳಬೇಕಿತ್ತು.

ಅರೆತೆರೆ:

ನನಗೆ ಲೂಪಸ್ ಇದೆ, ಅದೂ ಒಂದು ಆಟೋಇಮ್ಯೂನ್ ಕಾಯಿಲೆ. ಕೊಬ್ಬು ಮತ್ತು ಇಮ್ಯೂನ್ ಅಂದಾಗ ನನಗೆ ನೆನಪಾಗುವುದೇ ಬೇರೆ. ಮದುವೆಗೆ ಮುಂಚೆ ಎಲ್ಲಾ ಪರೀಕ್ಷೆ ಮಾಡಿಸುವಾಗ ವಿಡಿಆರ್‌ಎಲ್ ಪಾಸಿಟಿವ್ ಬಂತು. ಅದು ಸಿಫಿಲಿಸ್ ಅನ್ನುವ ಲೈಂಗಿಕ ಕಾಯಿಲೆಯ ಪರೀಕ್ಷೆ. ಲ್ಯಾಬಿನವರು ನನ್ನನ್ನು ನೋಡಿದ ರೀತಿ, ಮನೆಯವರ ಮೌನ, ಅದನ್ನು ಬರೆಯಲು ಈಗಲೂ ಕೈ ನಡುಗುತ್ತದೆ. ಮೂರು ವಾರ ಆದ ಮೇಲೆ ಇನ್ನೊಬ್ಬ ಡಾಕ್ಟರ್ ಬೇರೆ ಪರೀಕ್ಷೆ ಮಾಡಿಸಿ, ಸಿಫಿಲಿಸ್ ಇಲ್ಲವೇ ಇಲ್ಲ, ಇದು ಲೂಪಸ್‌ನಿಂದ ಬಂದ ಸುಳ್ಳು ಪಾಸಿಟಿವ್ ಅಂದರು. ಅವರು ಏನೋ ಕೊಬ್ಬಿನ ಹೆಸರು ಹೇಳಿದ್ದರು. ಅದು ಯಾಕೆ ಹಾಗಾಗುತ್ತದೆ?

ಮೂಲೆಮೇಜು:

ನಿಮಗೆ ಆದದ್ದು ಆಗಬಾರದಿತ್ತು. ಆ ಪರೀಕ್ಷೆಯ ಈ ದೋಷ ದಶಕಗಳಿಂದ ಪಾಠದಲ್ಲೇ ಇದೆ, ಫಲಿತಾಂಶ ಕೈಗಿಡುವ ಮೊದಲು ಒಬ್ಬರಾದರೂ ಹೇಳಬೇಕಿತ್ತು.

ಆ ಕೊಬ್ಬು ಕಾರ್ಡಿಯೋಲಿಪಿನ್. ದನದ ಹೃದಯದಿಂದ ಮೊದಲು ತೆಗೆದದ್ದು, ಅದಕ್ಕೇ ಆ ಹೆಸರು. ವಿಡಿಆರ್‌ಎಲ್ ಪರೀಕ್ಷೆಯಲ್ಲಿ ಇರುವುದು ಸಿಫಿಲಿಸ್‌ನ ಬ್ಯಾಕ್ಟೀರಿಯಾ ಅಲ್ಲ. ಕಾರ್ಡಿಯೋಲಿಪಿನ್, ಲೆಸಿಥಿನ್, ಕೊಲೆಸ್ಟ್ರಾಲ್ ಬೆರೆಸಿದ ದ್ರಾವಣ. ಅದಕ್ಕೆ ಅಂಟುವ ಆಂಟಿಬಾಡಿ ರಕ್ತದಲ್ಲಿದ್ದರೆ ಪಾಸಿಟಿವ್. ಲೂಪಸ್‌ನಲ್ಲೂ ಇಂಥ ಆಂಟಿಬಾಡಿ ಬರುತ್ತದೆ. 1983ರಲ್ಲಿ ಲಂಡನ್ನಿನಲ್ಲಿ ಗ್ರಹಾಂ ಹ್ಯೂಸ್ ಇದನ್ನು ರಕ್ತ ಹೆಪ್ಪುಗಟ್ಟುವುದು, ಪದೇ ಪದೇ ಗರ್ಭಪಾತ ಆಗುವುದರ ಜೊತೆ ಜೋಡಿಸಿ ವಿವರಿಸಿದರು. ಆಮೇಲೆ ತಿಳಿದದ್ದು, ಕಾಯಿಲೆ ತರುವ ಆಂಟಿಬಾಡಿ ಮುಖ್ಯವಾಗಿ ಹಿಡಿಯುವುದು ಆ ಕೊಬ್ಬಿಗೆ ಅಂಟಿಕೊಂಡ ಬೀಟಾ2 ಗ್ಲೈಕೋಪ್ರೋಟೀನ್ 1 ಅನ್ನುವ ಪ್ರೋಟೀನನ್ನು. ಇಲ್ಲಿ ಕೊಬ್ಬು ಆ ಪ್ರೋಟೀನನ್ನು ಬಿಚ್ಚಿ ತೋರಿಸುವ ಹಲಗೆ ಇದ್ದ ಹಾಗೆ. ಅರೆತೆರೆ ಅವರೇ, ಆಂಟಿಫಾಸ್ಫೋಲಿಪಿಡ್ ಪರೀಕ್ಷೆಗಳನ್ನು ಮಾಡಿಸಿಲ್ಲದಿದ್ದರೆ ನಿಮ್ಮ ಡಾಕ್ಟರ್ ಹತ್ತಿರ ಖಂಡಿತ ಕೇಳಿ. ಗರ್ಭ ಧರಿಸುವ ಯೋಚನೆ ಇದ್ದರೆ ಅದಕ್ಕೂ ಮುಂಚೆ ಕೇಳಿ.

ಅರೆತೆರೆ:

ಮಾಡಿಸಿದ್ದಾರೆ. ಎರಡು ನೆಗೆಟಿವ್, ಒಂದು ಸ್ವಲ್ಪ ಜಾಸ್ತಿ. ಹನ್ನೆರಡು ವಾರ ಬಿಟ್ಟು ಮತ್ತೆ ನೋಡೋಣ ಅಂದಿದ್ದಾರೆ. ಈ ಪರೀಕ್ಷೆ ಯಾಕೆ ಮುಖ್ಯ ಅಂತ ಈಗ ಸ್ವಲ್ಪ ಅರ್ಥವಾಯಿತು. ಧನ್ಯವಾದ.

ಎರಡನೇಸಾಲು:

ಸರ್, ನಾನು ಬಯೋಟೆಕ್ ಓದುತ್ತಿದ್ದೇನೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಕೋಶದ ಹೊರಗೆ ಇರುವ ಲಿಪಿಡ್. ಟಿ ಕೋಶ ತನ್ನೊಳಗೆ ಕೊಬ್ಬನ್ನು ಹೇಗೆ ಬಳಸುತ್ತದೆ ಅನ್ನುವುದೂ ಮುಖ್ಯ ಅಂತ ಕ್ಲಾಸಿನಲ್ಲಿ ಹೇಳಿದರು. ಅದನ್ನೂ ಬರೆಯುತ್ತೀರಾ?

ಮೂಲೆಮೇಜು:

ಒಳ್ಳೆ ಪ್ರಶ್ನೆ. ನನಗೆ ಅನ್ನಿಸುವಂತೆ ಮುಂದಿನ ಔಷಧಿಗಳು ಇಲ್ಲಿಂದಲೇ ಬರಬಹುದು.

ಟಿಎಚ್17 ಕೋಶ, ಅಂದರೆ ಎಂಎಸ್, ಸೋರಿಯಾಸಿಸ್‌ಗಳಲ್ಲಿ ಹಾನಿ ಮಾಡುವ ಗುಂಪು, ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರು ಮಾಡಿಕೊಳ್ಳುತ್ತದೆ. ಟಿ-ರೆಗ್, ಅಂದರೆ ಜಗಳ ಬಿಡಿಸುವ ಕೋಶ, ಹೊರಗಿನಿಂದ ಸಿಕ್ಕಿದ್ದನ್ನು ತೆಗೆದುಕೊಂಡು ಬದುಕಬಲ್ಲದು. ಕೊಬ್ಬು ತಯಾರಿಕೆಯ ಮೊದಲ ಹೆಜ್ಜೆಯಲ್ಲಿ ಎಸಿಸಿ1 ಅನ್ನುವ ಕಿಣ್ವ ಇದೆ. 2014ರಲ್ಲಿ ಜರ್ಮನಿಯ ಒಂದು ತಂಡ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ಸೊರಾಫೆನ್ ಎ ಬಳಸಿ ಅದನ್ನು ತಡೆಯಿತು. ಟಿಎಚ್17 ಹುಟ್ಟುವುದು ಕಡಿಮೆಯಾಗಿ ಅದೇ ಕೋಶಗಳು ಟಿ-ರೆಗ್ ಕಡೆ ತಿರುಗಿದವು, ಇಲಿಗಳಲ್ಲಿ ಎಂಎಸ್ ತರಹದ ಕಾಯಿಲೆ ತಗ್ಗಿತು. ಒಂದೇ ಬೀಜದಿಂದ ಹೊರಟ ಕೋಶ ಕಾಡುವವನಾಗುತ್ತದೋ ಕಾಯುವವನಾಗುತ್ತದೋ ಅನ್ನುವುದರಲ್ಲಿ ಕೊಬ್ಬಿನ ಅಡುಗೆಮನೆಗೂ ಪಾಲಿದೆ ಅಂದ ಹಾಗಾಯಿತು. ಟಿಎಚ್17ನ ಮುಖ್ಯ ಸ್ವಿಚ್ ಆರ್‌ಒಆರ್ ಗಾಮಾ ಟಿ ಕೂಡ ಕೊಲೆಸ್ಟ್ರಾಲ್ ತಯಾರಾಗುವ ದಾರಿಯಲ್ಲಿ ಸಿಗುವ ಸ್ಟೆರಾಲ್ ಅನ್ನುವ ಕೊಬ್ಬು ಅಂಟಿದಾಗಲೇ ಚೆನ್ನಾಗಿ ಕೆಲಸ ಮಾಡುವುದು.

ಒಂದು ಎಚ್ಚರಿಕೆ. "ಟಿ-ರೆಗ್ ಕೊಬ್ಬು ಸುಡುತ್ತದೆ, ಅದರಿಂದಲೇ ಅದು ಟಿ-ರೆಗ್ ಆಗುತ್ತದೆ" ಅಂತ ಬಹಳ ಕಡೆ ಬರೆದಿರುತ್ತಾರೆ. ಆ ಮಾತಿಗೆ ಆಧಾರವಾಗಿದ್ದ ಪ್ರಯೋಗಗಳಲ್ಲಿ ಎಷ್ಟೋ, ಕೊಬ್ಬು ಸುಡುವುದನ್ನು ತಡೆಯುವ ಎಟೊಮಾಕ್ಸಿರ್ ಅನ್ನುವ ವಸ್ತು ಬಳಸಿದ್ದವು. ಅಷ್ಟು ಜಾಸ್ತಿ ಪ್ರಮಾಣದಲ್ಲಿ ಅದು ಬೇರೆ ಕಡೆಗೂ ಏಟು ಕೊಡುತ್ತದೆ ಅಂತ 2018ರಲ್ಲಿ ಗೊತ್ತಾಯಿತು. ಗುರಿಯಾಗಿದ್ದ ಜೀನನ್ನೇ ತೆಗೆದು ನೋಡಿದರೆ ಟಿ-ರೆಗ್‌ಗಳು ಆರಾಮಾಗಿ ಬೆಳೆದವು. ನಮ್ಮ ಲ್ಯಾಬಿನಲ್ಲೂ ಆ ವಸ್ತು ಬಳಸಿದ್ದೆವು, ಹಳೇ ಫಲಿತಾಂಶಗಳನ್ನು ಮತ್ತೆ ಕೂತು ನೋಡಬೇಕಾಯಿತು. ಕಷ್ಟವಾಯಿತು, ಆದರೆ ಹಾಗೆ ನೋಡುವುದೇ ಸರಿ.

ಅರೆತೆರೆ ಅವರಿಗೂ ಒಂದು ವಿಷಯ. ಲೂಪಸ್ ಇರುವವರ ಟಿ ಕೋಶದ ಪೊರೆಯಲ್ಲಿ ಗ್ಲೈಕೋಸ್ಫಿಂಗೋಲಿಪಿಡ್ ಅನ್ನುವ ಸಕ್ಕರೆ ಅಂಟಿದ ಕೊಬ್ಬು ಜಾಸ್ತಿ ಇರುತ್ತದೆ. ಅದರಿಂದ ಕೋಶದೊಳಗೆ ಹೋಗುವ ಸಂದೇಶ ಏರುಪೇರಾಗುತ್ತದೆ. ಗಾಶೆ ಅನ್ನುವ ಅಪರೂಪದ ಆನುವಂಶಿಕ ಕಾಯಿಲೆಗೆ ಬಳಸುವ ಮಿಗ್ಲುಸ್ಟಾಟ್ ಅನ್ನುವ ಔಷಧಿಯನ್ನು ಲ್ಯಾಬಿನ ತಟ್ಟೆಯಲ್ಲಿ ಹಾಕಿದಾಗ ಆ ಕೋಶಗಳು ಸಹಜದ ಕಡೆಗೆ ಬಂದವು. ಇದು ತಟ್ಟೆಯಲ್ಲಿ ಆದದ್ದು. ಆದರೂ ನನಗೆ ಇದರಲ್ಲಿ ಆಸೆ ಇದೆ.

ನೀಲಿಶಾಯಿ:

ಕೊನೆಗೆ ನನ್ನ ಒಂದು ಚಿಕ್ಕ ಪ್ರಶ್ನೆ. ಕಾಯಿಲೆ ಜೋರಾಗಿದ್ದ ವರ್ಷ ನನ್ನ ಕೊಲೆಸ್ಟ್ರಾಲ್ ಕಡಿಮೆ ಇತ್ತು. ಬಯೋಲಾಜಿಕ್ ಇಂಜೆಕ್ಷನ್ ಟೋಸಿಲಿಜುಮ್ಯಾಬ್ ಕೊಟ್ಟ ಮೇಲೆ ಕೀಲು ಚೆನ್ನಾಯಿತು, ಆದರೆ ಕೆಟ್ಟ ಕೊಲೆಸ್ಟ್ರಾಲ್ ಅನ್ನುತ್ತಾರಲ್ಲ, ಆ ಎಲ್‌ಡಿಎಲ್ ಏರಿತು. ಆಗ ಹೆದರಿ ಮುಂದಿನ ಡೋಸ್ ಮುಂದೂಡಿದ್ದೆ. ತಪ್ಪು ಮಾಡಿದೆನಾ?

ತಿಳಿನೀರು:

ಇದು ನನಗೆ ತುಂಬಾ ಜನ ಕೇಳುವ ಪ್ರಶ್ನೆ ಅಕ್ಕ. ಉರಿಯೂತ ಜೋರಾಗಿದ್ದಾಗ ರಕ್ತದ ಕೊಲೆಸ್ಟ್ರಾಲ್ ಇಳಿಯುತ್ತದೆ. ಅದು ಒಳ್ಳೆ ಲಕ್ಷಣ ಅಲ್ಲ. ಈ ಕಾಯಿಲೆಯವರಿಗೆ ಹೃದಯದ ತೊಂದರೆಯ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು, ಕೊಲೆಸ್ಟ್ರಾಲ್ ಕಡಿಮೆ ಕಂಡರೂ ಸಹ. ಉರಿಯೂತ ತಗ್ಗಿದಾಗ ಸಂಖ್ಯೆ ಮೇಲೆ ಬರುತ್ತದೆ. ಟೋಸಿಲಿಜುಮ್ಯಾಬ್‌ನಲ್ಲಿ ಇದು ಎದ್ದು ಕಾಣುತ್ತದೆ, ಅದಕ್ಕೇ ಅದನ್ನು ಎಟನರ್ಸೆಪ್ಟ್ ಅನ್ನುವ ಇನ್ನೊಂದು ಬಯೋಲಾಜಿಕ್ ಜೊತೆ ಹೋಲಿಸಿ ದೊಡ್ಡ ಪರೀಕ್ಷೆ ಮಾಡಿದರು. ಎಲ್‌ಡಿಎಲ್ ಏರಿದರೂ ಹೃದಯಾಘಾತ, ಪಾರ್ಶ್ವವಾಯು ಎದ್ದು ಕಾಣುವಷ್ಟು ಹೆಚ್ಚಲಿಲ್ಲ. ಏರಿದ ಎಲ್‌ಡಿಎಲ್‌ಗೆ ಬೇಕಾದರೆ ಡಾಕ್ಟರ್ ಅದನ್ನು ಇಳಿಸುವ ಸ್ಟಾಟಿನ್ ಮಾತ್ರೆ ಕೊಡುತ್ತಾರೆ. ಡೋಸ್ ಮುಂದೂಡಬೇಡಿ. ಇದನ್ನು ಇಂಜೆಕ್ಷನ್ ಕೊಡುವ ದಿನವೇ ನಿಮಗೆ ಹೇಳಬೇಕಿತ್ತು, ನಮ್ಮ ಕಡೆಯವರೇ ಯಾರೋ ಹೇಳದೆ ಬಿಟ್ಟರು ಅನ್ನುವುದು ನನಗೆ ನೋವು.

ಬೆಳಕಿಂಡಿ:

ಎಲ್ಲರ ಉತ್ತರಗಳನ್ನೂ ತಂಗಿ ಇವತ್ತು ತಾನೇ ಕೂತು ಓದಿದಳು. ಅವಳದೊಂದು ಪ್ರಶ್ನೆ ಇದೆ, ಅವಳ ಮಾತಲ್ಲೇ ಹಾಕುತ್ತೇನೆ: "ಅಷ್ಟೆಲ್ಲ ಕೋಶಗಳು ಗ್ರಂಥಿಯಲ್ಲೇ ಕೂತರೆ ನನ್ನ ಕತ್ತು, ಕಂಕುಳು ಎಲ್ಲಾ ಊದಿಕೊಳ್ಳಬೇಕಲ್ವಾ? ದಿನಾ ಕನ್ನಡಿ ಮುಂದೆ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ."

ಮೂಲೆಮೇಜು:

ನಿಮ್ಮ ತಂಗಿಯ ಪ್ರಶ್ನೆ ಇಡೀ ಚರ್ಚೆಯಲ್ಲೇ ನನಗೆ ಹೆಚ್ಚು ಇಷ್ಟವಾಯಿತು. ಹಾಗೆ ಊದಿಕೊಳ್ಳುವುದಿಲ್ಲಮ್ಮ. ನಮ್ಮ ಮೈಯ ಒಟ್ಟು ಲಿಂಫೋಸೈಟ್‌ಗಳಲ್ಲಿ ಯಾವುದೇ ಹೊತ್ತಿನಲ್ಲಿ ರಕ್ತದಲ್ಲಿ ಇರುವುದು ನೂರಕ್ಕೆ ಎರಡರಷ್ಟು ಮಾತ್ರ. ಉಳಿದವು ಮೊದಲಿಂದಲೂ ಗ್ರಂಥಿ, ಗುಲ್ಮ, ಕರುಳು ಅಂತ ಅಂಗಾಂಶಗಳಲ್ಲೇ ಇವೆ. ಆ ಎರಡರಲ್ಲಿ ಒಂದೂವರೆ ಒಳಗೆ ಹೋಗಿ ಕೂತರೂ ಅಲ್ಲಿ ಜಾಗಕ್ಕೇನೂ ಕೊರತೆ ಇಲ್ಲ. ನಿಜವಾಗಲೂ ಎಲ್ಲಾದರೂ ಗಂಟು ಸಿಕ್ಕಿ ಅದು ಹೋಗದೆ ಉಳಿದರೆ ಮಾತ್ರ ತೋರಿಸಿ. ಕನ್ನಡಿ ಮುಂದೆ ದಿನಾ ಮುಟ್ಟಿ ನೋಡಿಕೊಳ್ಳುವುದು ಬೇಡ.

ಬೆಳಕಿಂಡಿ:

ಓದಿ ಹೇಳಿದೆ. "ನೂರಕ್ಕೆ ಎರಡಾ?" ಅಂತ ಎರಡು ಸಲ ಕೇಳಿದಳು. ಆಮೇಲೆ ರಿಪೋರ್ಟ್ ತೆಗೆದು 480ರ ಪಕ್ಕದ ಕೆಂಪು ಗುರುತಿನ ಮೇಲೆ ಪೆನ್ಸಿಲಿನಲ್ಲಿ "ಒಳಗೆ ಇದ್ದಾರೆ" ಅಂತ ಬರೆದಳು. ಶುಕ್ರವಾರಕ್ಕೆ ಕಣ್ಣಿನ ಪರೀಕ್ಷೆಗೆ ಹೆಸರು ಬರೆಸಿದ್ದೇವೆ, ತಿಳಿನೀರು ಅವರೇ. ಮುಗಿಸಿಕೊಂಡು ಬಂದು ಇಲ್ಲಿ ಬರೆಯುತ್ತೇನೆ.